ಮಣ್ಣು ತೂರಿಸಿಕೊಂಡವಳ ಋಣ

ಚಿನಕುರಳಿಯ ಸುಬ್ಬಮ್ಮನನ್ನು ಯಾರಾದರೂ ಎದುರಿಗೆ ಕೂರಿಸಿಕೊಂಡು, "ಈ ಜಲ್ಮದಲ್ಲಿ ನಿಂಗೆ ದೊಡ್ಡ ಉಪ್ಕಾರ ಮಾಡ್ದೋರು ಯಾರವ್ವ?" ಎಂದು ಕೇಳಿದರೆ ಆಕೆ ಗಂಡನ ಹೆಸರು ಹೇಳುವುದಿಲ್ಲ, ಹೆತ್ತವರ ಹೆಸರೂ ಹೇಳುವುದಿಲ್ಲ. ತೋಟದ ಮನೆ ನಾಗರಾಜುವಿನ ಮಗಳು ಶ್ವೇತಳ ಹೆಸರು ಹೇಳುತ್ತಾಳೆ. ಕೇಳಿದವರು ಊರಿನವರೇ ಆಗಿದ್ದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅದೇ ಶ್ವೇತಳ ಬಾಗಿಲಿಗೆ ಹೋಗಿ, ಹಿಡಿ ಮಣ್ಣು ಬಾಚಿ ತೂರಿ, ಹತ್ತು ಜನರ ಎದುರಿಗೆ ಶಾಪ ಹಾಕಿ ಬಂದವಳೂ ಇದೇ ಸುಬ್ಬಮ್ಮನೇ. ಎರಡೂ ನಿಜ. ಹೇಗೆ ನಿಜ ಅನ್ನುವುದೇ ಈಕೆಯ ಕಥೆ.

ಸುಬ್ಬಮ್ಮನಿಗೆ ಈಗ ಅರವತ್ತರ ಹತ್ತಿರ. ಬಸ್ ನಿಲ್ಲುವ ಜಾಗದ ಹಿಂದಿನ ಬೀದಿಯಲ್ಲಿ ಮನೆ. ಮನೆಯ ಮುಂದಿನ ಪಡಸಾಲೆಯೇ ಚಿನ್ನ-ಬೆಳ್ಳಿ ಕೆಲಸದ ಅಂಗಡಿ. ಒಂದು ಅಗ್ಗಿಷ್ಟಿಕೆ, ಒಂದು ಊದುಗೊಳವೆ, ನಾಲ್ಕಾರು ಅರ, ಚಿಮಟ, ಕಿಟಕಿಯ ಬೆಳಕಿಗೆ ಒಂದು ಮಣೆ. ಒಡವೆ ಮಾಡಿಸುವವರೆಲ್ಲ ಈಗ ಪಾಂಡವಪುರ, ಮೈಸೂರಿನ ದೊಡ್ಡ ಅಂಗಡಿಗಳಿಗೆ ಹೋಗುತ್ತಾರೆ. ಅಲ್ಲಿ ಎ.ಸಿ. ಉಂಟು, ಕೂಲ್ ಡ್ರಿಂಕ್ಸ್ ಕೊಡುತ್ತಾರೆ. ಆದರೆ ಗೆಜ್ಜೆಯ ಕೊಂಡಿ ಕಿತ್ತು ಹೋದರೆ, ಕಾಲುಂಗುರ ಸಡಿಲವಾದರೆ, ಮಗುವಿಗೆ ಕಿವಿ ಚುಚ್ಚಬೇಕಾದರೆ ಸುಬ್ಬಮ್ಮನೇ ಆಗಬೇಕು. ಆಕೆಯ ಕೈ ಹೂವಿನಷ್ಟು ಹಗುರ, ಬಾಯಿ ಮಾತ್ರ ಬೊಂಬಾಯಿ. "ಅಳ್ಬೇಡ ಸುಮ್ಕಿರ್ಲಾ, ನಿಮ್ಮಪ್ಪ ಇದ್ಕಿಂತ ಜೋರಾಗಿ ಅತ್ತಿದ್ದ" ಎನ್ನುತ್ತಲೇ ಚುಚ್ಚಿ ಮುಗಿಸಿಬಿಡುತ್ತಾಳೆ. ಮಗುವಿನ ಅಪ್ಪ ಪಕ್ಕದಲ್ಲೇ ನಿಂತು ಮುಖ ಕೆಂಪಗೆ ಮಾಡಿಕೊಳ್ಳುತ್ತಾನೆ.

ಹೆಂಗಸೊಬ್ಬಳು ಅಗ್ಗಿಷ್ಟಿಕೆಯ ಮುಂದೆ ಕೂರುವುದು ಆಚಾರಿಗಳ ಮನೆಯಲ್ಲಿ ವಾಡಿಕೆಯಲ್ಲ. ಸುಬ್ಬಮ್ಮನೂ ಆಸೆಪಟ್ಟು ಕೂತವಳಲ್ಲ. ಗಂಡ ಚಂದ್ರಶೇಖರಾಚಾರಿ ಎದೆನೋವಿಂದ ಹೋದಾಗ ಮಗ ಮೋಹನ್ ಕುಮಾರ್ ಕೂತ. ಆ ಮಗನೂ ಹೋದ ಮೇಲೆ ಇವಳು ಕೂತಳು.

ಮೋಹನ ಇಪ್ಪತ್ತಾರರ ಹುಡುಗ. ಮಾತು ಕಡಿಮೆ. ಎಡಚ, ಎಲ್ಲ ಕೆಲಸವೂ ಎಡಗೈಯದ್ದೇ. ಅಪ್ಪ ಎಷ್ಟು ಬೈದರೂ ಊದುಗೊಳವೆ ಬಲಗೈಗೆ ಬರಲಿಲ್ಲ. ಕೊನೆಗೆ ಅಪ್ಪನೇ, "ಎಡ್ಗೈಯೋ ಬಲ್ಗೈಯೋ, ಕೆಲ್ಸ ನೆಟ್ಟಗಿದ್ರೆ ಸಾಕು ಬುಡು" ಎಂದು ಸುಮ್ಮನಾಗಿದ್ದ. ಕೆಲಸ ನೆಟ್ಟಗೇ ಇತ್ತು. ಮೋಹನ ಹಾಕಿದ ಬೆಸುಗೆ ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಎಂಟು ವರ್ಷದ ಹಿಂದೆ, ಒಂದು ಮಾರ್ಗಶಿರದಲ್ಲಿ, ಶ್ವೇತ ಏಳು ಬಿಳಿ ಹರಳಿನ ಒಂದು ಜೊತೆ ಓಲೆ ತಂದಳು. ಅಜ್ಜಿ ಕೊಟ್ಟ ಹಳೇ ಓಲೆ. ಒಂದರ ಹಿಂದಿನ ತಿರುಪು ಜಾರುತ್ತಿತ್ತು. ನಾಗರಾಜು ಊರಿನಲ್ಲಿ ನಾಲ್ಕು ಎಕರೆ ನೀರಾವರಿ, ಆರು ಹಸು ಇರುವ ಗೌಡ. ಕಲ್ಲುಕ್ವಾರಿ ರಸ್ತೆಯ ತೋಟದಲ್ಲೇ ಮನೆ ಕಟ್ಟಿಕೊಂಡಿದ್ದವನು. ಮಗಳು ಪಾಂಡವಪುರದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ್ದಳು. ಮೋಹನ ತಿರುಪು ಸರಿ ಮಾಡಿಕೊಟ್ಟ. ಹದಿನೈದು ದಿನಕ್ಕೆ ಮತ್ತೆ ಬಂದಳು: "ಅಣ್ಣಾ, ಮತ್ತೆ ಸಡಿಲ ಆಗಿದೆ ನೋಡಿ." ಸರಿ ಮಾಡಿಕೊಟ್ಟ. ತಿಂಗಳಿಗೆ ಮತ್ತೆ ಬಂದಳು. ಆಮೇಲೆ ಇನ್ನೊಂದು ಸಲ.

ಒಳಗೆ ರಾಗಿ ಕೇರುತ್ತಿದ್ದ ಸುಬ್ಬಮ್ಮನ ಕಿವಿ ಮೊರದಲ್ಲಿ ಇರುತ್ತದೆಯೇ? ಪಡಸಾಲೆಯಲ್ಲಿ ಇರುತ್ತಿತ್ತು. ನಾಲ್ಕನೇ ಸಲ ಆ ಹುಡುಗಿ ಹೋದ ಮೇಲೆ ಹೊರಗೆ ಬಂದಳು.

"ಲೇ ಮೋನ, ಒಂದು ತಿರುಪಿಗೆ ಯಾರ್ಲಾ ನಾಕು ಸಲ ಬತ್ತಾರೆ?"

"ಸಡಿಲ ಆಯ್ತದೆ ಕಣವ್ವ, ಹಳೇದು."

"ನಿನ್ ಕೈಲಿ ಕೂರ್ಸಿದ್ದು ಸಡಿಲ ಆದದಾ? ನಂಗೇ ಯೋಳ್ತೀಯಾ? ಆ ಉಡ್ಗಿಗೆ ನಿನ್ ಮ್ಯಾಲೆ ಮನ್ಸದೆ ಕಣ್ಲಾ. ನಾನ್ಯೋಳ್ತೀನಿ ಕೇಳು."

ಮೋಹನ ತಲೆ ಬಗ್ಗಿಸಿ ಅರ ಒರೆಸುತ್ತ ಕೂತ, ಇಲ್ಲವೆನ್ನಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಅಷ್ಟು ಸಾಕಾಯಿತು ತಾಯಿಗೆ. ಗೌಡರ ಮನೆ ಹುಡುಗಿ, ಆಚಾರಿ ಮನೆ ಹುಡುಗ, ಆಗುವ ಮಾತಲ್ಲ ಎಂದು ಅವಳಿಗೇನು ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಹೆತ್ತ ಕರುಳು, ಆಸೆಗೆ ಬೇಲಿ ಹಾಕುವವರು ಯಾರು? "ಈಗೆಲ್ಲ ಜಾತಿ ಯಾರು ನೋಡ್ತಾರೆ? ಪ್ಯಾಟೇಲಿ ಅಂಗೇ ಆಯ್ತಾವೆ" ಎಂದು ಊಟಕ್ಕಿಕ್ಕುವಾಗ ಒಂದು ಸಲ, ನೀರು ಸೇದುವಾಗ ಒಂದು ಸಲ, ಹುಡುಗನ ಕಿವಿಯಲ್ಲಿ ಊದುತ್ತಲೇ ಇದ್ದಳು. ಅವನು ನಕ್ಕು ಸುಮ್ಮನಾಗುತ್ತಿದ್ದ. ಆ ನಗುವನ್ನೂ ಅವಳು ಒಪ್ಪಿಗೆ ಅಂತಲೇ ಲೆಕ್ಕ ಹಾಕಿಕೊಂಡಳು.

ಅಷ್ಟರಲ್ಲಿ ಒಂದು ಸೋಮವಾರ ನಾಗರಾಜುವೇ ಅಂಗಡಿಗೆ ಬಂದ. ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ಅದರ ಮೇಲೆ ಚಿನ್ನ. ಸಂಬಂಧದ ಮಾತಿಗೇ ಬಂದ ಎಂದುಕೊಂಡು ಸುಬ್ಬಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ನಾಗರಾಜು ಹೇಳಿದ್ದು ಮಾತ್ರ ಬೇರೆ. ಮಗಳಿಗೆ ಹೊಣಕೆರೆ ಕಡೆ ಗಂಡು ಗೊತ್ತಾಗಿದೆ, ಹೆಸರು ಚಲುವರಾಜು, ಒಳ್ಳೆ ಹುಡುಗ. ವರನಿಗೆ ಉಂಗುರ ಆಗಬೇಕು. ಬೆರಳಿನ ಅಳತೆಗೆಂದು ಗಂಟು ಹಾಕಿದ ಒಂದು ದಾರವನ್ನೂ ತಂದಿದ್ದ.

"ನಿನ್ ಕೈಲೇ ಆಗ್ಬೇಕು ಮೋಹನಾಚಾರಿ" ಎಂದ.

ಮೋಹನ ಎರಡು ಕೈಯಲ್ಲೂ ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಆಚಾರಿಗಳ ಪದ್ಧತಿ ಅದು, ಮದುವೆ ಚಿನ್ನ ಬಂದರೆ ಬೇಡ ಅನ್ನುವಂತಿಲ್ಲ. ನಾಲ್ಕು ದಿನ ಅವನು ಉಂಗುರದ ಮೇಲೆ ಬಗ್ಗಿಯೇ ಇದ್ದ. ಸುಬ್ಬಮ್ಮ ಎರಡು ಸಲ ಬಾಗಿಲವರೆಗೂ ಬಂದು ಹಾಗೇ ಒಳಕ್ಕೆ ಹೋದಳು. ಐದನೇ ದಿನ ಮಧ್ಯಾಹ್ನ ಅವನೇ ಉಂಗುರ ತೆಗೆದುಕೊಂಡು ಬೈಕಿನಲ್ಲಿ ತೋಟದ ಮನೆಗೆ ಹೋದ. ಕೊಟ್ಟು ವಾಪಸು ಬರುವಾಗ, ಕ್ವಾರಿಯಿಂದ ಕಲ್ಲು ತುಂಬಿಕೊಂಡು ಬರುತ್ತಿದ್ದ ಲಾರಿಯ ಧೂಳಿನಲ್ಲಿ ಎದುರಿಗೆ ಬಂದ ಟ್ರಾಕ್ಟರು ಕಾಣಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ಊರಿನ ಬಾಯಿಗೆ ಬೀಗ ಉಂಟೇ? "ಧೂಳಲ್ಲ ಗೀಳಲ್ಲ, ಹುಡ್ಗಿ ಕೈತಪ್ಪಿ ಹೋದ್ಲು ಅಂತ ಬೇಕಂತಲೇ ಅಡ್ಡ ನುಗ್ಗವ್ನೆ" ಎಂದರು. ನಾಲ್ಕು ಸಲ ತಿರುಪು ತಂದ ಸುದ್ದಿ ಸುಬ್ಬಮ್ಮನ ಬಾಯಿಂದಲೇ ಹೊರಗೆ ಬಂದಿತ್ತಲ್ಲ, ಅದಕ್ಕೆ ಉಪ್ಪು ಖಾರ ಹಚ್ಚಿದರು. ಹುಡುಗಿ ಆಟ ಆಡಿಸಿ ಕೈಬಿಟ್ಟಳು ಎಂದಾಯಿತು. ಸುಬ್ಬಮ್ಮನಿಗೂ ಅದೇ ಬೇಕಾಗಿತ್ತು. ಮಗ ಧೂಳಿನಿಂದ ಸತ್ತ ಎಂದರೆ ಯಾರನ್ನು ಬೈಯುವುದು, ಧೂಳನ್ನೇ?

ಮಗ ಸತ್ತ ಐದನೇ ದಿನ, ತಲೆ ಕೆದರಿಕೊಂಡು ತೋಟದ ಮನೆಯ ಮುಂದೆ ನಿಂತಳು. ನಾಗರಾಜು ಕೈಮುಗಿದುಕೊಂಡು ಹೊರಗೆ ಬಂದ. ಅವನ ಹಿಂದೆ ಶ್ವೇತ ಬಂದಳು. ಸುಬ್ಬಮ್ಮ ಯಾರಿಗೂ ಮಾತಾಡಲು ಬಿಡಲಿಲ್ಲ. ಬಗ್ಗಿ ಹಿಡಿ ಮಣ್ಣು ಬಾಚಿ ಹುಡುಗಿಯ ಮೇಲೆ ತೂರಿದಳು.

"ನನ್ ಮಗನ್ನ ತಿಂದ್ಕಂಡೆಯಲ್ಲೇ! ಈ ಊರ ಮಣ್ಣು ನಿನ್ ಕಾಲಿಗೆ ಮುಳ್ಳಾಗ್ಲಿ! ತವರಿನ ವಸ್ಲು ತುಳೀದಂಗಾಗ್ಲಿ ನೀನು!"

ಶ್ವೇತಳ ಕಣ್ಣಿಗೆ ಮಣ್ಣು ಬಿತ್ತು. ಒರೆಸಿಕೊಳ್ಳಲಿಲ್ಲ. ಸುಮ್ಮನೆ ನಿಂತಿದ್ದಳು. ಆ ಸುಮ್ಮನಿದ್ದದ್ದನ್ನೇ ಊರು ತಪ್ಪೊಪ್ಪಿಗೆ ಅಂದುಕೊಂಡಿತು.

ಮದುವೆ ಹೊಣಕೆರೆಯಲ್ಲೇ, ಗಂಡಿನ ಮನೆಯ ಮುಂದೆ, ಸದ್ದಿಲ್ಲದೆ ನಡೆಯಿತು. ಆಮೇಲೆ ಶ್ವೇತ ಚಿನಕುರಳಿಗೆ ಬರಲಿಲ್ಲ. ಗೌರಿ ಹಬ್ಬಕ್ಕೆ ಇಲ್ಲ, ಯುಗಾದಿಗೆ ಇಲ್ಲ, ಬಾಣಂತನಕ್ಕೂ ಇಲ್ಲ. ತಾಯಿಯೇ ಬ್ಯಾಗು ಹಿಡಿದು ಹೊಣಕೆರೆಗೆ ಹೋಗಿ ಬಾಣಂತನ ಮಾಡಿದಳು. ಒಂದು ಸಲ ಮಾತ್ರ ಶ್ವೇತ ಬಸ್ಸಿಳಿದಿದ್ದಳಂತೆ. ಹಾಲು ಹಾಕಿ ಬರುತ್ತಿದ್ದ ಹೆಂಗಸರು ಅವಳನ್ನು ಕಂಡು ದಾರಿಯ ಆ ಬದಿಗೆ ಸರಿದರಂತೆ. ಅದೇ ಬಸ್ಸು ತಿರುಗಿಸಿಕೊಳ್ಳುವವರೆಗೆ ಕಾದು ಹತ್ತಿ ವಾಪಸು ಹೋದಳಂತೆ. ಸುಬ್ಬಮ್ಮನಿಗೆ ಆ ಸುದ್ದಿ ಮುಟ್ಟಿದಾಗ ಮೊದಲು ಸಮಾಧಾನ ಆಯಿತು. ಸುಳ್ಳೇಕೆ ಹೇಳಬೇಕು? ಆಯಿತು.

ಹೊಟ್ಟೆ ಕೇಳಬೇಕಲ್ಲ. ಮೂವತ್ತು ವರ್ಷ ಗಂಡನ ಪಕ್ಕದಲ್ಲಿ ಕೂತು ನೋಡಿದ್ದ ಕೆಲಸ, ಒಂದೊಂದಾಗಿ ಕೈಗೆ ತಂದುಕೊಂಡಳು. ಮೊದಲ ವರ್ಷ ಗೆಜ್ಜೆ ಸುಟ್ಟಳು, ಕೈ ಸುಟ್ಟುಕೊಂಡಳು, ನಾಲ್ಕು ಜನರಿಂದ ನಗಿಸಿಕೊಂಡಳು. "ಏನವ್ವ, ಅಡ್ಗೆ ಒಲೆ ಅಂದ್ಕಂಡ್ಯಾ?" ಎಂದು ಹಾಸ್ಯ ಮಾಡಿದ ಕುಳ್ಳಯ್ಯನಿಗೆ, "ಬಾ ಕೂತ್ಕೋ, ನಿನ್ ನಾಲ್ಗೇಗೂ ಒಂದು ಬೆಸುಗೆ ಹಾಕ್ತೀನಿ" ಎಂದಳು. ಮೂರನೇ ವರ್ಷಕ್ಕೆ ಆ ಕುಳ್ಳಯ್ಯನೇ ಮೊಮ್ಮಗಳನ್ನು ಕಿವಿ ಚುಚ್ಚಿಸಲು ಕರೆತಂದ. ಹೀಗೆ ಬದುಕು ಕಟ್ಟಿಕೊಂಡಳು. ಎದೆಯೊಳಗಿನ ಕೆಂಡ ಮಾತ್ರ ಆರಲು ಬಿಡಲಿಲ್ಲ. ದಿನಾ ಬೆಳಿಗ್ಗೆ ಮಗನ ಫೋಟೋಗೆ ಹೂ ಇಡುವಾಗ ಶ್ವೇತಳ ಹೆಸರಿಗೂ ಒಂದು ಬೈಗುಳ ಇಡುತ್ತಿದ್ದಳು.

ಹೋದ ವರ್ಷ ನಾಗರಾಜುವಿನ ಮಗ ದಿಲೀಪನ ಮದುವೆ ಆಯಿತು. ಹೆಣ್ಣು ಕೆ.ಆರ್. ಪೇಟೆಯ ಕಡೆಯವಳು, ರಂಜಿತ. ಮದುವೆ ಆ ಕಡೆಯ ಛತ್ರದಲ್ಲೇ ಆದದ್ದರಿಂದ ಶ್ವೇತಳೂ ಬಂದು ನಿಂತು, ತಮ್ಮನ ಹೆಂಡತಿಗೆ ಒಂದು ಒಡವೆ ಕೊಟ್ಟಿದ್ದಳು. ಹೊಸ ಸೊಸೆಗೆ ಊರಿನ ಹಳೇ ಕಥೆ ಯಾರು ಹೇಳುತ್ತಾರೆ? ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಆ ಹುಡುಗಿ ನಗುನಗುತ್ತ ಸುಬ್ಬಮ್ಮನ ಪಡಸಾಲೆಗೆ ಬಂದು ಕೂತಳು. ಯಾರ ಮನೆಯವಳೆಂದು ಕೇಳುವ ಮೊದಲೇ ಒಂದು ಓಲೆ ಬಿಚ್ಚಿ ಅಂಗೈಯಲ್ಲಿಟ್ಟಳು.

"ಅಜ್ಜಿ, ತಿರುಪು ನಿಲ್ತಾನೇ ಇಲ್ಲ ನೋಡಿ."

ಬಿಳಿ ಹರಳು. ಏಳು ಹರಳು. ಸುಬ್ಬಮ್ಮನಿಗೆ ಓಲೆಯ ಗುರುತು ಹತ್ತಿದ ಕೂಡಲೇ ಮೈ ಉರಿಯಿತು. ಎದ್ದು ಹೋಗೆನ್ನಬೇಕೆಂದು ಬಾಯಿ ತೆರೆದಳು. ಆದರೆ ಕೈ ಕಸುಬಿನ ಕೈ, ಅದು ಆಗಲೇ ತಿರುಪನ್ನು ಭೂತಗನ್ನಡಿಯ ಕೆಳಗೆ ಹಿಡಿದಿತ್ತು.

ತಿರುಪಿಗೆ ಐದಾರು ಸುತ್ತು ಇರಬೇಕು. ಇದರಲ್ಲಿ ಎರಡು ಸುತ್ತು ಉಳಿದಿತ್ತು. ಸವೆದು ಹೋದದ್ದಲ್ಲ. ಸವೆದರೆ ಎಲ್ಲ ಕಡೆಯೂ ನಯವಾಗಿ ಸವೆಯುತ್ತದೆ. ಇಲ್ಲಿ ಅರದ ಗೀರು ಇತ್ತು, ಸಣ್ಣ ಅರದ್ದು, ತೀರ ನಾಜೂಕಾಗಿ ಎಳೆದದ್ದು. ಗೀರುಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಬಲಗೈಯವರು ಅರ ಎಳೆದರೆ ಹಾಗೆ ವಾಲುವುದಿಲ್ಲ. ಪಾಂಡವಪುರದಿಂದ ಚಿನಕುರಳಿಯವರೆಗೆ ಎಡಗೈಯಲ್ಲಿ ಅರ ಹಿಡಿಯುತ್ತಿದ್ದ ಆಚಾರಿ ಸುಬ್ಬಮ್ಮನಿಗೆ ಗೊತ್ತಿದ್ದ ಹಾಗೆ ಒಬ್ಬನೇ. ಅವನನ್ನು ಅವಳೇ ಹೆತ್ತಿದ್ದಳು.

"ಇದ್ನ ಬೇರೆ ಯಾರಿಗಾದ್ರೂ ತೋರ್ಸಿದ್ರಾ?" ಎಂದು ಕೇಳಿದಳು.

"ಇದು ನಮ್ಮ ನಾದ್ನಿ ಶ್ವೇತಕ್ಕಂದು ಅಜ್ಜಿ, ನಂಗೆ ಕೊಟ್ರು. ಮದ್ವೆ ಆದ್ ವರ್ಸವೇ ನಾಗಮಂಗ್ಲದಲ್ಲಿ ಒಬ್ರು ಆಚಾರಿಗೆ ತೋರ್ಸಿದ್ರಂತೆ. ಅವ್ರು, 'ಇದು ಸವೆದಿಲ್ಲ ತಾಯಿ, ಯಾರೋ ಬೇಕಂತ ಉಜ್ಜವ್ರೆ' ಅಂದ್ರಂತೆ. ಅಕ್ಕ ಆ ಮಾತು ಇಲ್ಲೇ ಬುಟ್ಬುಡಿ ಅಂತ ಕೈಮುಗ್ದು, ಸರಿ ಮಾಡಿಸ್ದೇನೇ ಎತ್ಕೊಂಡು ಬಂದ್ಬುಟ್ರಂತೆ. ನಂಗೂ ಅಷ್ಟೇ, ದಾರ ಸುತ್ತಿ ಹಾಕ್ಕೋ, ಯಾರ್ಗೂ ತೋರಿಸ್ಬೇಡ ಅಂದಿದ್ರು. ನಾನೇ ತಡೀಲಾರ್ದೆ ತಂದೆ. ಯಾಕೆ ಅಜ್ಜಿ, ಏನಾಯ್ತು?"

"ಏನಿಲ್ಲ ಮಗ. ನಾಳಿದ್ದು ಬಾ" ಎಂದು ಕಳಿಸಿದಳು.

ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ ಇತ್ತು. ಆ ತಿರುಪನ್ನು ಮೂಸೆಗೆ ಹಾಕಿ ನಾಲ್ಕು ಸಲ ಊದಿದರೆ ಸಾಕು, ಕರಗಿ ಹನಿಯಾಗುತ್ತಿತ್ತು. ಹೊಸದು ಮಾಡಿಕೊಟ್ಟರೆ ಹುಡುಗಿ ಖುಷಿಯಾಗಿ ಹೋಗುತ್ತಾಳೆ. ಎಂಟು ವರ್ಷದಿಂದ ಊರು ನಂಬಿದ್ದು ನಂಬಿದ ಹಾಗೇ ಇರುತ್ತದೆ. ಸುಬ್ಬಮ್ಮ ಚಿಮಟದಲ್ಲಿ ಹಿಡಿದುಕೊಂಡು ಕೂತೇ ಇದ್ದಳು. ಒಲೆಯ ಮೇಲಿದ್ದ ಸಾರು ಸೀದ ವಾಸನೆ ಬಂತು, ಏಳಲಿಲ್ಲ.

ಅಂದರೆ ಮಗನೇ ಸಡಿಲ ಮಾಡಿ ಮಾಡಿ ಕಳಿಸುತ್ತಿದ್ದ. ಮತ್ತೆ ಬರಲಿ, ಐದು ನಿಮಿಷ ಎದುರಿಗೆ ಕೂರಲಿ ಅಂತ. ಶ್ವೇತ ತಿರುಪಿಗೇ ಬಂದಿದ್ದಳು, ಬೇರೆ ಯಾವುದಕ್ಕೂ ಅಲ್ಲ. ಪ್ರೀತಿಸಿದ್ದು ತಪ್ಪಲ್ಲ ಬಿಡಿ, ಮನಸ್ಸು ಯಾರ ಮಾತು ಕೇಳುತ್ತದೆ? ಆದರೆ ನಂಬಿ ಕೊಟ್ಟ ಒಡವೆಗೆ ಅರ ಹಾಕುವುದು ಕಸುಬಿಗೆ ಮಾಡಿದ ದ್ರೋಹ. ಅದರ ಮೇಲೆ, ನಾಲ್ಕು ಸಲ ಬಂದಳು ಅಂದರೆ ಮನಸ್ಸಿದೆ ಅಂತಲೇ ಅರ್ಥ ಎಂದು ಊದಿ ಊದಿ ಉರಿಸಿದವಳು ಯಾರು? ಇವಳೇ. ಹುಡುಗ ಒಂದು ತಪ್ಪು ಮಾಡಿದ, ತಾಯಿ ಅದಕ್ಕೆ ತಿದಿ ಒತ್ತಿದಳು. ಮಣ್ಣು ಬಿದ್ದದ್ದು ಮಾತ್ರ ಮೂರನೆಯವಳ ಕಣ್ಣಿಗೆ.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಅಲ್ಲಾಡಿಸಿದ್ದು ಇನ್ನೊಂದು. ಶ್ವೇತಳಿಗೆ ಏಳು ವರ್ಷದಿಂದ ಇದು ಗೊತ್ತಿತ್ತು! ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ತಾನು ತಲೆಯೆತ್ತಿಕೊಂಡು ತವರಿಗೆ ಬರುತ್ತಿದ್ದಳು. ಮೋಹನಾಚಾರಿ ಒಡವೆ ಕೆಡಿಸುತ್ತಿದ್ದನಂತೆ ಎಂದು ಊರು ಆಡಿಕೊಳ್ಳುತ್ತಿತ್ತು. ಮೋಹನನ ತಾಯಿಯ ಅಂಗಡಿಗೆ ಒಂದು ಗೆಜ್ಜೆಯೂ ಬರುತ್ತಿರಲಿಲ್ಲ. ಸುಬ್ಬಮ್ಮ ಇಷ್ಟು ವರ್ಷ ಉಂಡ ಅನ್ನ, ಮಗನ ಫೋಟೋಗೆ ಇಟ್ಟ ಹೂವು, ಎರಡೂ ಆ ಹುಡುಗಿ ಬಾಯಿ ಮುಚ್ಚಿಕೊಂಡು ಕೊಟ್ಟದ್ದು. ಇವಳು ಅದೇ ಅನ್ನ ಉಂಡು ಅವಳನ್ನೇ ಬೈಯುತ್ತಿದ್ದಳು. ಅಯ್ಯೋ ಪಾಪಿ ಮುಂಡೆ, ಎಂದು ತನಗೆ ತಾನೇ ಬೈದುಕೊಂಡಳು. ಕೆಂಡಕ್ಕೆ ಬೂದಿ ಮುಚ್ಚಿದಳು. ತಿರುಪನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಾರನೇ ಬೆಳಿಗ್ಗೆ ಡೈರಿಯ ಮುಂದೆ ಹಾಲು ಹಾಕುವವರ ಸಾಲು ಇದ್ದಾಗ ಸುಬ್ಬಮ್ಮ ಅಲ್ಲಿಗೆ ಹೋದಳು. ಹಾಲಿಲ್ಲ, ಕ್ಯಾನಿಲ್ಲ, ಬರೀ ಕೈ. ಹಾಲು ಅಳೆಯುತ್ತಿದ್ದ ಮುದ್ದಯ್ಯ ತಲೆಯೆತ್ತಿ, "ಏನವ್ವ, ಹಸ ಕಟ್ಟಿದ್ಯಾ?" ಎಂದ.

"ಎಲ್ರೂ ಇತ್ತಗೆ ನೋಡ್ರಪ್ಪ. ನನ್ನದೊಂದು ಮಾತದೆ." ಸೆರಗಿನ ಗಂಟು ಬಿಚ್ಚಿ ತಿರುಪನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು. "ನನ್ ಮಗ ಈ ತಿರುಪ್ನ ಅರದಲ್ಲಿ ಉಜ್ಜಿ ಉಜ್ಜಿ ಸಡ್ಲ ಮಾಡ್ತಿದ್ದ. ನಾಗರಾಜುನ್ ಮಗ್ಳು ಮತ್ತೆ ಮತ್ತೆ ಬರ್ಲಿ ಅಂತ. ಆ ಉಡ್ಗಿಗೆ ಏನೂ ಗೊತ್ತಿರ್ಲಿಲ್ಲ. ಅವ್ಳಿಗೆ ನಿನ್ ಮ್ಯಾಲೆ ಆಸೆ ಅದೆ ಅಂತ ಅವನ್ ತಲೇಗೆ ತುಂಬ್ದೋಳು ನಾನು. ಅವ್ಳ ಮ್ಯಾಲೆ ಮಣ್ಣು ತೂರ್ದೋಳೂ ನಾನು. ತೆಪ್ಪೆಲ್ಲ ನಮ್ ಮನೇದು. ಅವ್ಳದು ಸಾಸ್ವೆ ಕಾಳಷ್ಟೂ ಇಲ್ಲ."

ಹಿಂದೆ ನಿಂತಿದ್ದ ಅಣ್ಣಮ್ಮ, "ಅಲ್ಲ ಕಣೆ ಸುಬ್ಬಿ, ಸತ್ತೋನ್ ಮ್ಯಾಲೆ ಈಗ್ ಯಾಕೆ ಹಾಕ್ತೀಯೇ? ಹೋದೋರ್ ಹೆಸ್ರು ಕೆಡಿಸ್ಬಾರ್ದು" ಎಂದಳು.

"ಸತ್ತೋನ್ ಹೆಸ್ರು ಕೆಡಬಾರ್ದು ಅಂತ ಬದ್ಕಿರೋಳ್ ಹೆಸ್ರು ಕೆಡಿಸಿದ್ವಲ್ಲ, ಅದು ಸರಿನಾ ಅಣ್ಣಮ್ಮ? ಬಸ್ಸಿಳ್ದೋಳ್ನ ಕಂಡು ಅತ್ತಗೆ ಸರ್ಕೊಂಡೋರಲ್ಲಿ ನೀನೂ ಒಬ್ಳು. ನನ್ ಮಾತು ನಂಬ್ಕೊಂಡು ಸರ್ಕೊಂಡೆ. ಈಗ್ಲೂ ನನ್ ಮಾತೇ ನಂಬು."

ಸಾಲಿನಲ್ಲಿ ನಾಗರಾಜುವೂ ಇದ್ದ. ಕ್ಯಾನು ಕೆಳಗಿಟ್ಟ. ಟವೆಲ್ಲು ಮುಖಕ್ಕೆ ಒತ್ತಿಕೊಂಡು ಅಷ್ಟು ಜನರ ನಡುವೆ ಅಳುತ್ತ ನಿಂತ. ಅವನು ಅತ್ತದ್ದನ್ನು ಊರು ಹಿಂದೆಂದೂ ಕಂಡಿರಲಿಲ್ಲ. ಸುಬ್ಬಮ್ಮ ಹತ್ತಿರ ಹೋದಳು.

"ಗೌಡ್ರೆ, ಮಗ್ಳ ಮನೆ ದಾರಿ ಯೋಳಿ."

"ಬೈಕಲ್ಲಿ ನಾನೇ ಕರ್ಕೊಂಡೋಗ್ತೀನಿ ಕಣವ್ವ."

"ಬ್ಯಾಡಿ. ಮಣ್ಣು ತೂರಕ್ಕೆ ಒಬ್ಳೇ ಬಂದಿದ್ದೆ, ಇದ್ಕೂ ಒಬ್ಳೇ ಓಯ್ತೀನಿ."

ಹೆಂಗಸರಿಗೆ ಈಗ ಬಸ್ಸು ಫ್ರೀ. ಆಧಾರ್ ಕಾರ್ಡು ಕೈಯಲ್ಲಿ ಹಿಡಿದುಕೊಂಡೇ ಪಾಂಡವಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಾಗಮಂಗಲಕ್ಕೆ ಒಂದು, ಅಲ್ಲಿಂದ ಹೊಣಕೆರೆಗೆ ಇನ್ನೊಂದು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಇಳಿಯುವಾಗ ಒಂದೂ ನೆನಪಿರಲಿಲ್ಲ.

ಶ್ವೇತ ಮನೆಯ ಮುಂದೆ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಪಕ್ಕದಲ್ಲಿ ಐದು ವರ್ಷದ ಮಗಳು ಸ್ಪಂದನ ನೀರಾಟ ಆಡುತ್ತಿದ್ದಳು. ಗೇಟಿನಲ್ಲಿ ನಿಂತವರು ಯಾರೆಂದು ಶ್ವೇತ ಮೊದಲು ಕಣ್ಣು ಕಿರಿದು ಮಾಡಿ ನೋಡಿದಳು. ಗುರುತು ಹತ್ತಿತು. ಹತ್ತಿದ ಕ್ಷಣವೇ ಮಗುವಿನ ರಟ್ಟೆ ಹಿಡಿದು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡಳು.

ಒಂದು ಮಗುವೂ ನನ್ನ ಕಣ್ಣಿಗೆ ಬೀಳಬಾರದು ಅನ್ನುವ ಹಾಗೆ ಆಗಿಹೋದೆನಲ್ಲ ಎಂದು ಸುಬ್ಬಮ್ಮ ಅಲ್ಲೇ, ಗೇಟಿನ ಆಚೆಗೇ, ಕುಸಿದು ಕೂತಳು.

"ಶಾಪ ಹಾಕಕ್ಕೆ ಬಂದಿಲ್ಲ ಕಣವ್ವ. ತಿರುಪು ನೋಡ್ದೆ. ನನ್ ಮಗನ್ ಕೈ ಗುರ್ತು ನಂಗೆ ಸಿಕ್ತು. ಊರ್ ಮುಂದೆ ಯೋಳ್ಬುಟ್ಟೇ ಬಂದಿವ್ನಿ. ನಿಮ್ಮಪ್ಪನ ಎದ್ರುಗೇ ಯೋಳಿವ್ನಿ."

ಶ್ವೇತ ಮಗುವನ್ನು ಒಳಕ್ಕೆ ಕಳಿಸಿದಳು. ಆಮೇಲೆ ಬಂದು ಗೇಟು ತೆಗೆದು, ಎರಡೂ ರಟ್ಟೆ ಹಿಡಿದು ಎಬ್ಬಿಸಿದಳು. ಒದ್ದೆ ಕೈ, ತಣ್ಣಗಿತ್ತು.

"ಯಾಕ್ ಹೇಳಕ್ಕೆ ಹೋದ್ರಿ ಸುಬ್ಬವ್ವ? ಯಾರ್ಗೂ ಗೊತ್ತಾಗ್ಬಾರ್ದು ಅಂತಾನೇ ನಾನು..."

"ಗೊತ್ತಿದ್ದೂ ಏಳು ವರ್ಸ ಸುಮ್ಕಿದ್ಯಲ್ಲೇ ತಾಯಿ. ಯಾಕೆ? ನಾನೇನು ಮಾಡಿದ್ದೆ ನಿಂಗೆ, ಮಣ್ಣು ತೂರಿದ್ದು ಬುಟ್ರೆ?"

"ಸತ್ತೋರು ಎದ್ದು ಬಂದು, ಇಂಗಲ್ಲ ಅಂಗೆ ಅನ್ನಕ್ಕಾಯ್ತದಾ? ನಾನು ಬದ್ಕಿದ್ದೀನಿ, ಗಂಡ ಅವ್ರೆ, ಮಗು ಅದೆ. ನಿಮ್ಗೆ ಉಳ್ದಿದ್ದೇ ಅವ್ರ ಹೆಸ್ರೊಂದು. ಅದನ್ನೂ ನಾನೇ ಕಿತ್ಕೊಳ್ಳದಾ ಅನ್ನಿಸ್ತು." ಶ್ವೇತ ಒಳಗೆ ಕರೆದೊಯ್ದು ಚಾಪೆ ಹಾಸಿ ಕೂರಿಸಿದಳು, ನೀರು ಕೊಟ್ಟಳು. "ಮನೆಯವ್ರಿಗೆ ಮಾತ್ರ ಹೇಳಿದ್ದೆ. ಅವ್ರೂ, ಸರಿ ಬುಡು ಅಂದ್ರು. ತವ್ರಿಗೆ ಹೋಗಕ್ಕಾಗ್ದೆ ಅತ್ತಿದ್ದೀನಿ ಸುಬ್ಬವ್ವ, ಇಲ್ಲ ಅನ್ನಲ್ಲ. ನಿಮ್ ಮೇಲೆ ಸಿಟ್ಟೂ ಬಂದಿತ್ತು. ಆದ್ರೆ ಅವ್ರ ಮೇಲೆ ಬರ್ಲಿಲ್ಲ. ಅವ್ರು ನನ್ ಜೊತೆ ಒಂದು ದಿನಾನೂ ಕೆಟ್ಟದಾಗಿ ನಡ್ಕೊಂಡಿರ್ಲಿಲ್ಲ."

ಸುಬ್ಬಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಇಷ್ಟು ವರ್ಷದಲ್ಲಿ ಅವಳ ಮಗನ ಬಗ್ಗೆ ಯಾರೂ ಹೀಗೆ ಮಾತಾಡಿರಲಿಲ್ಲ. ಊರು ಅವನ ಸಾವಿನ ಬಗ್ಗೆ ಮಾತಾಡಿತ್ತು. ಅವನ ಬಗ್ಗೆ ಅಲ್ಲ.

"ಆವತ್ತು ಎಂಗಿದ್ದ ಅವ್ನು?" ಎಂದು ಕೇಳಿದಳು. "ಸಾಯಕ್ಕೇ ಹೊಂಟೋನಂಗಿದ್ನಾ? ಮುಚ್ಚಿಡ್ಬ್ಯಾಡ ನನ್ ತಾವ."

"ಇಲ್ಲ ಸುಬ್ಬವ್ವ. ಅದನ್ನೇ ಹೇಳ್ಬೇಕು ಅಂತ ನೀವು ಬಂದ್ ದಿನ ಬಾಗ್ಲ ತಂಕ ಬಂದೆ. ನೀವು ಬುಡ್ಲಿಲ್ಲ." ಶ್ವೇತ ಅವಳ ಎದುರಿಗೆ ಕೂತಳು. "ಉಂಗ್ರ ಅಪ್ಪನ ಕೈಗೆ ಕೊಟ್ರು. ನಾನು ಮಜ್ಜಿಗೆ ತಂದ್ಕೊಟ್ಟೆ. ಕುಡುದ್ರು. ತಿರುಪು ಮತ್ತೆ ಸಡ್ಲ ಆಯ್ತು ಅಂದೆ. ಅದಕ್ಕೆ ನಗಾಡ್ಕೊಂಡು, 'ತಪ್ಪು ನನ್ ಕೈದು. ನಾಳೆ ತಂದ್ಕೊಡಿ, ಹೊಸ್ದು ಮಾಡಿ ಕೂರಿಸ್ತೀನಿ, ಇನ್ಮೇಲೆ ಸಡ್ಲ ಆಗಕಿಲ್ಲ' ಅಂದ್ರು. ನಂಗೆ ಆಗ ಏನೂ ತಿಳೀಲಿಲ್ಲ."

"ಆಮೇಲೆ?"

"ಆಮೇಲೆ ಲೋಟ ಕೊಟ್ಟು, ಬೈಕ್ ತಾವ ಹೋಗಿ ಮತ್ತೆ ತಿರುಗಿ ನಿಂತ್ರು. 'ನಮ್ಮವ್ವ ಪಾಪ ಮನ್ಸಲ್ಲಿ ಏನೇನೋ ಆಸೆ ಇಟ್ಕೊಂಡವ್ಳೆ. ನಾನೇ ಸುಮ್ನಿದ್ದು ಕೆಡಿಸ್ದೆ. ಇವತ್ತು ಹೋಗಿ ಪಕ್ಕದಲ್ಲಿ ಕೂರ್ಸ್ಕೊಂಡು ಎಲ್ಲ ಹೇಳ್ಬುಡ್ತೀನಿ. ನಾನಾದ್ರೆ ತಡ್ಕೊತೀನಿ, ಅವ್ಳು ನೊಂದ್ಕೊತಾಳೆ. ಬಿರ್ರನೆ ಹೋಗ್ಬೇಕು, ನಾನ್ ಹೋಗೋ ತಂಕ ಅವ್ಳು ಉಣ್ಣಕಿಲ್ಲ' ಅಂದ್ರು. ಅಷ್ಟು ಅಂದು ಹೊಂಟ್ರು. ಮನೆಗೇ ಹೊಂಟಿದ್ರು ಸುಬ್ಬವ್ವ. ನಿಮ್ ತಾವಕ್ಕೇ."

ಸುಬ್ಬಮ್ಮ ಅಳಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ಬಹಳ ದೂರ ನಡೆದು ಬಂದವಳ ಹಾಗೆ ಉಸಿರು ಬಿಟ್ಟಳು. ಸ್ಪಂದನ ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದಳು. ಶ್ವೇತಳ ಎರಡೂ ಕೈಯನ್ನು ತನ್ನ ಒರಟು ಅಂಗೈಗಳ ನಡುವೆ ಹಿಡಿದುಕೊಂಡು ಸುಬ್ಬಮ್ಮ ಅಂದಳು:

"ಇನ್ನೊಂದು ಸಲ ಯೋಳವ್ವ. ಮಜ್ಜಿಗೆ ಕುಡಿದದ್ರಿಂದ ಯೋಳು. ನಿಧಾನಕ್ಕೆ."

ಶ್ವೇತ ಮೊದಲಿಂದ ಹೇಳತೊಡಗಿದಳು.